ಕರಿಮೀನಿನ ಮೊಕದ್ದಮೆಯಲ್ಲಿ ನನ್ನ ವಾದ

ಕಣ್ಣಿಗೆ ಕಾಣದ್ದನ್ನು ನಾನು ನಂಬುವುದಿಲ್ಲ. ಕಂಡದ್ದನ್ನೂ ನಾಲ್ಕು ಪ್ರಶ್ನೆ ಕೇಳದೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇದು ಜಂಬವಲ್ಲ, ತರಬೇತಿ! ಮೈಸೂರಿನಲ್ಲಿ ಓದುವಾಗ ಚರ್ಚಾಸ್ಪರ್ಧೆ ಅಂದರೆ ಮೊದಲು ನನ್ನ ಹೆಸರು ಬರೆದುಕೊಂಡು, ಆಮೇಲೆ ವಿಷಯ ಯಾವುದು ಅಂತ ವಿಚಾರಿಸುತ್ತಿದ್ದರು. ಜಾತಕ, ದೆವ್ವ, ಹಾರುವ ತಟ್ಟೆ, ಬೆಕ್ಕು ಅಡ್ಡ ಬಂದರೆ ಕೆಲಸ ಕೆಡುತ್ತದೆ ಅನ್ನುವುದು, ಎಲ್ಲದರ ವಿರುದ್ಧವೂ ಮಾತಾಡಿ ಕಪ್ ತಂದವಳು. ನಮಗೆ ತರಬೇತಿ ಕೊಟ್ಟ ಮೇಷ್ಟ್ರು ಎರಡು ಸೂತ್ರ ಕಲಿಸಿದ್ದರು. ಒಂದು, ಯಾವ ಕಾರಣಕ್ಕೂ ಸಭೆಗೆ ಬೆನ್ನು ತೋರಿಸಬಾರದು. ಎರಡು, ನಿನ್ನ ಮಾತು ಮುಗಿಯುವವರೆಗೆ ಯಾರಿಗೂ ನಡುವೆ ಬಾಯಿ ಹಾಕಲು ಬಿಡಬಾರದು.

ಈ ಎರಡು ಸೂತ್ರಗಳ ಬಲದಿಂದ ನಾನು ಮೈಸೂರಿನಲ್ಲಿ ಕಪ್ ಗೆದ್ದೆ. ಇದೇ ಎರಡು ಸೂತ್ರಗಳ ಬಲದಿಂದ ಕೇರಳದಲ್ಲಿ ನನ್ನ ಗಂಡನನ್ನು ಮೀನುಗಳ್ಳ ಅಂತ ಸಾಬೀತು ಮಾಡಿದೆ!

ಗಂಡನ ಹೆಸರು ಉದಯ. ಕಾಸರಗೋಡಿನವನು. ಕಳಮಶ್ಶೇರಿಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಇಡೀ ದಿನ ಯಂತ್ರಗಳ ಗದ್ದಲದಲ್ಲಿ ಇರುವುದರಿಂದಲೋ ಏನೋ, ಮನೆಗೆ ಬಂದರೆ ಮಾತು ಕಡಿಮೆ. ನನಗೆ ಇದು ಬಹಳ ಅನುಕೂಲವಾಗಿತ್ತು. ಆದರೂ ಸಂಸಾರದಲ್ಲಿ ಪ್ರಜಾಪ್ರಭುತ್ವ ಇರಬೇಕಲ್ಲ ಎಂದು ಮದುವೆಯಾದ ಹೊಸತರಲ್ಲೇ ಒಂದು ಸಭಾನಿಯಮ ಜಾರಿಗೆ ತಂದೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು. ಹೇಳುವುದೇನಾದರೂ ಇದ್ದರೆ ಕೈ ಎತ್ತಬೇಕು. ಮಾತಾಡುತ್ತಿರುವವರು ಒಪ್ಪಿದರೆ ಮಾತ್ರ ಬಾಯಿ ತೆರೆಯಬೇಕು.

"ಆಯ್ತು ಮಾರಾಯ್ತಿ" ಅಂದ ಉದಯ. ಅಂದಿನಿಂದ ಅವನು ಕೈ ಎತ್ತುತ್ತಲೇ ಇದ್ದಾನೆ. ನಾನು ಒಪ್ಪುವುದು ಮಾತ್ರ ತಡವಾಗುತ್ತಿತ್ತು.

ಆಲುವಕ್ಕೂ ಕಳಮಶ್ಶೇರಿಗೂ ನಡುವೆ ನಮ್ಮ ಬಾಡಿಗೆ ಮನೆ. ಮುಂದೆ ಬಸ್ಸು, ಲಾರಿ, ಹೊಗೆ. ಹಿಂದಿನ ಬಾಗಿಲು ತೆರೆದರೆ ಬೇರೆಯೇ ದೇಶ! ಕೊಯ್ಲಾದ ಗದ್ದೆಬಯಲು, ಅದರ ಅಂಚಿನಲ್ಲಿ ಹೊಳೆ ಕಡೆಗೆ ಹರಿಯುವ ತೋಡು, ತೋಡಿನ ಪಕ್ಕ ಒಂದು ಮೀನಿನ ಕೊಳ. ಕೊಳ ನಮ್ಮ ಮನೆಯೊಡತಿ ಏಲಿಯಮ್ಮ ಚೇಡತ್ತಿಯದು. ಅಲ್ಲಿ ಹಿರಿಯ ಕ್ರೈಸ್ತ ಹೆಂಗಸರನ್ನು ಚೇಡತ್ತಿ ಅಂತ ಕರೆಯುತ್ತಾರೆ. ನಾವು ಅಕ್ಕ ಅಂದ ಹಾಗೆಯೇ, ಆದರೆ ಸ್ವಲ್ಪ ಹೆದರಿಕೊಂಡು ಅನ್ನಬೇಕು. ಪಕ್ಕದ ದೊಡ್ಡ ಮನೆಯಲ್ಲಿ ಇರುತ್ತಿದ್ದರು. ಬಿಳಿ ಮುಂಡು, ಬಿಳಿ ರವಿಕೆ, ಕಿವಿಯಲ್ಲಿ ದೊಡ್ಡ ಬಳೆಯಂಥ ಓಲೆ, ಕಣ್ಣು ಮಾತ್ರ ಯಾವಾಗಲೂ ಕೊಳದ ಮೇಲೆ. ಕೊಳದಲ್ಲಿ ಕರಿಮೀನು, ಕೇರಳದವರು ಪ್ರಾಣ ಬಿಡುವ ಚಪ್ಪಟೆ ಮೀನು, ಸಾಕುತ್ತಿದ್ದರು. ಗಲ್ಫಿನಲ್ಲಿರುವ ಮಗ ಜೋಸ್ ಮೋನ್ ಈಸ್ಟರಿಗೆ ಬರುತ್ತಾನೆ, ಅವನಿಗೆ ಕೊಳದ ಕರಿಮೀನೇ ಆಗಬೇಕು, ಅದನ್ನು ಬಾಳೆಲೆಯಲ್ಲಿ ಸುತ್ತಿ ಸುಟ್ಟು ಬಡಿಸಬೇಕು. ಇದು ಅವರ ಆ ವರ್ಷದ ಏಕೈಕ ಯೋಜನೆ.

ನಾವು ಆ ಮನೆಗೆ ಬಂದು ಮೊದಲ ಬೇಸಿಗೆ. ಮಾರ್ಚ್ ಕಾಲಿಟ್ಟಿದ್ದೇ ತಡ, ಬಯಲಂಚಿನ ಕೊನ್ನೆ ಮರ, ನಮ್ಮ ಕಡೆ ಕಕ್ಕೆ ಅನ್ನುವುದು, ಎಲೆಯೆಲ್ಲ ಉದುರಿಸಿ ಹಳದಿ ಗೊಂಚಲು ಬಿಟ್ಟಿತು. ಕೋಗಿಲೆಗೆ ಹುಚ್ಚೇ ಹಿಡಿಯಿತು. ಉದಯ ಬೆಳಗ್ಗೆ ಬೇಗ ಎದ್ದು ರಬ್ಬರ್ ಬೂಟು ಹಾಕಿ, ಕತ್ತಿಗೆ ಬೈನಾಕ್ಯುಲರ್, ಹೆಗಲಿಗೊಂದು ಚೀಲ ಏರಿಸಿಕೊಂಡು ಕೊಳದ ಏರಿಯ ಮೇಲೆ ಹೋಗಿ ಕೂರತೊಡಗಿದ. ವಾಪಸು ಬಂದು ಕಾಫಿ ಕುಡಿಯುವಾಗ ವರದಿ.

"ಇವತ್ತು ಹೊನ್ನಕ್ಕಿ ಉಂಟು, ಮಾರಾಯ್ತಿ. ಎರಡು."

"ಹೊನ್ನಕ್ಕಿ ಅಂತ ಹೇಗೆ ಗೊತ್ತಾಯ್ತು? ಹಣ್ಣಾದ ಮಾವಿನೆಲೆ ಯಾಕಾಗಿರಬಾರದು?"

"ಮಾವಿನೆಲೆ ಹಾಡುವುದಿಲ್ಲ."

"ಎಲೆ ಒಂದು ಕಡೆ, ಹಾಡು ಇನ್ನೊಂದು ಕಡೆಯಿಂದ ಬಂದಿರಬಹುದು. ನೀನು ಎರಡನ್ನೂ ಸೇರಿಸಿ ಹಕ್ಕಿ ಮಾಡಿದ್ದೀಯ!"

ಅವನು ನನ್ನ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದ. ಕೊನ್ನೆ ಮರದ ಒಂದು ಹಳದಿ ಗೊಂಚಲು ತಾನಾಗಿ ಕಿತ್ತುಕೊಂಡು ಹಾರಿ ಪಕ್ಕದ ಗೇರುಮರಕ್ಕೆ ಹೋಗಿ ಕೂತಿತು! ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಪಟ್ಟಿ, ಕೊಕ್ಕು ಕೆಂಪು. ನಾನು ಕಾಫಿ ಲೋಟ ಕೈಬಿಟ್ಟೆ. ಅದು ಉದಯನ ಕಾಲಿನ ಮೇಲೆ ಬಿತ್ತು. ಪುಣ್ಯಕ್ಕೆ ಬೂಟು ಇತ್ತು.

ಆಮೇಲೆ ನನ್ನನ್ನು ಹಿಡಿಯುವವರೇ ಇಲ್ಲ! ನಂಬದವಳು ಕಣ್ಣಾರೆ ಕಂಡರೆ ನಂಬುವವರಿಗಿಂತ ಹೆಚ್ಚು ಕುಣಿಯುತ್ತಾಳೆ. ಮಿಂಚುಳ್ಳಿ ತಂತಿಯಿಂದ ನೀರಿಗೆ ಬಿದ್ದು ಮೀನು ಕಚ್ಚಿ ಏಳುವುದು ನೋಡಿದೆ. ನೀರುಕಾಗೆ ರೆಕ್ಕೆ ಅಗಲಿಸಿ ಒಣಗಿಸುವುದು, ಬಟ್ಟೆ ಒಣಹಾಕಿ ತಾನೇ ಅದರೊಳಗೆ ನಿಂತ ಹಾಗೆ, ನೋಡಿದೆ. ಹುಂಡುಕೋಳಿ ಕಪ್ಪು ಹತ್ತಿ ಉಂಡೆಗಳಂಥ ಮರಿಗಳನ್ನು ಹಿಂದೆ ಕಟ್ಟಿಕೊಂಡು ತೋಡು ದಾಟುವುದು ನೋಡಿದೆ. ಕೆಂಬೂತ, ಮುಂಗುಸಿ, ಎಲ್ಲ ಆಯಿತು. ನನ್ನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತರೂ ಕಿವಿ ಹಕ್ಕಿಯದೇ.

ಅದೇ ಉತ್ಸಾಹದಲ್ಲಿ ಒಂದು ಭಾನುವಾರ ಕೊಳದ ಏರಿಯ ಮೇಲೆ ಉದ್ದನೆಯ, ಚರ್ಮ ಒರಟಾದ, ಬಾಲ ಎಳೆದುಕೊಂಡು ಹೋಗುವ ಪ್ರಾಣಿಯೊಂದನ್ನು ಕಂಡೆ. ಒಂದು ಕ್ಷಣವೂ ಸಂಶಯಪಡಲಿಲ್ಲ. ಜೀವನದಲ್ಲಿ ಅದೊಂದೇ ಸಲ!

"ಮೊಸಳೇ!" ಅಂತ ಕಿರುಚಿದೆ. ಮಲಯಾಳದಲ್ಲಿ ಅದಕ್ಕೆ ಮುದಲ ಅನ್ನುತ್ತಾರೆ ಅಂತ ನೆನಪಾಗಿ ಅದನ್ನೂ ಕಿರುಚಿದೆ. ಓಣಿಗೆ ಓಣಿಯೇ ದೊಣ್ಣೆ, ಪೊರಕೆ, ಬಲೆ ಹಿಡಿದು ಓಡಿಬಂತು. ಒಬ್ಬರು ಆಟೋ ಸಮೇತ ಬಂದರು. ಮುಂಚೂಣಿಯಲ್ಲಿ ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರು, ನಿವೃತ್ತ ಶಿಕ್ಷಕರು, ರಾಘವನ್ ಮಾಷ್. ಅಲ್ಲಿ ಮೇಷ್ಟ್ರನ್ನು ಮಾಷ್ ಅನ್ನುತ್ತಾರೆ, ನಿವೃತ್ತರಾದರೂ ಬಿಡುವುದಿಲ್ಲ. ಎಲ್ಲರೂ ನೋಡುತ್ತಿದ್ದಂತೆ ನನ್ನ ಮೊಸಳೆ ಸರಸರನೆ ತೆಂಗಿನ ಮರ ಹತ್ತಿತು.

"ಉಡ" ಅಂದ ಉದಯ ಮೆಲ್ಲಗೆ.

ರಾಘವನ್ ಮಾಷ್ ಕನ್ನಡಕ ಸರಿಮಾಡಿಕೊಂಡು ಮೇಲೆ ನೋಡಿದರು. "ಮೋಳೇ, ನಲವತ್ತು ವರ್ಷ ಪಾಠ ಮಾಡಿದ್ದೇನೆ. ಎಳನೀರು ಕುಡಿಯುವ ಮೊಸಳೆ ಇದೇ ಮೊದಲು."

ಮೋಳೇ ಅಂದರೆ ಮಗಳೇ. ಅಷ್ಟು ಪ್ರೀತಿಯಿಂದ ಅಷ್ಟು ಅವಮಾನ ಮಾಡುವುದು ಅವರಿಗೆ ಮಾತ್ರ ಗೊತ್ತು. ಅಂದಿನಿಂದ ಓಣಿಯಲ್ಲಿ ನಾನು ಕಂಡೆ ಅಂದದ್ದಕ್ಕೆ ಬೆಲೆ ಇಲ್ಲವಾಯಿತು.

ಸರಿಯಾಗಿ ಅದೇ ಹೊತ್ತಿಗೆ ಚೇಡತ್ತಿಯ ಕರಿಮೀನು ಕಡಿಮೆಯಾಗತೊಡಗಿತು!

ಮೊದಲು ಚೇಡತ್ತಿ ಬೆಕ್ಕನ್ನು ಬೈದರು. ಆಮೇಲೆ ಕಾಗೆಯನ್ನು. ಆಮೇಲೆ ಯಾರನ್ನೂ ಬೈಯದೆ ನಮ್ಮ ಅಡುಗೆಮನೆಯ ಕಿಟಕಿ ಕಡೆ ಮೂಗು ಮಾಡಿ ನಿಲ್ಲತೊಡಗಿದರು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ದಿನಾ ಬೆಳಗ್ಗೆ, ಯಾರೂ ಏಳುವ ಮೊದಲು, ಬೂಟು ಹಾಕಿ, ಚೀಲ ಹೊತ್ತು, ಕೊಳದ ಹತ್ತಿರ ಹೋಗಿ ಕೂರುವವನು ಇಡೀ ಓಣಿಗೆ ಒಬ್ಬನೇ. ಅದರ ಮೇಲೆ ಅವನು ಕಾಸರಗೋಡಿನವನು. ಮೀನಿಲ್ಲದಿದ್ದರೆ ಊಟಕ್ಕೆ ಊಟ ಅಂತ ಹೇಳದವನು!

"ನೀರುನಾಯಿ ಉಂಟು" ಅಂದ ಉದಯ, ನಾನು ವಿಷಯ ತಿಳಿಸಿದಾಗ. "ತೋಡಿನಿಂದ ಬರ್ತದೆ. ಏರಿ ಮೇಲೆ ಅದರ ಹೆಜ್ಜೆ ನೋಡಿದ್ದೇನೆ."

"ನೀರುನಾಯಿಯನ್ನು ನೋಡಿದ್ದೀಯಾ?"

"ಇಲ್ಲ. ಹೆಜ್ಜೆ, ಮೀನಿನ ಚಕ್ಕೆ, ಎಲ್ಲ ಉಂಟು."

"ಅಂದರೆ ನೋಡಿಲ್ಲ."

"ನೋಡ್ತೇನೆ."

ಅಷ್ಟರಲ್ಲಿ ಸಂಘದ ಸಭೆ ಕರೆದೇಬಿಟ್ಟರು. ಕೇರಳದಲ್ಲಿ ಏನಾದರೂ ಆದರೆ ಮೊದಲು ಸಭೆ, ಆಮೇಲೆ ಚಹಾ, ಆಮೇಲೆ ಇನ್ನೊಂದು ಸಭೆ. ನನಗೆ ಒಳಗೊಳಗೇ ಖುಷಿ! ಎಷ್ಟು ಕಾಲವಾಗಿತ್ತು ವೇದಿಕೆ ಹತ್ತಿ! "ನೀನು ಸುಮ್ಮನಿರು, ನಿನ್ನ ಪರವಾಗಿ ನಾನು ಮಾತಾಡುತ್ತೇನೆ" ಅಂತ ಉದಯನಿಗೆ ಅಭಯ ಕೊಟ್ಟೆ.

ಮಾಷ್ ಮನೆಯ ಜಗುಲಿಯಲ್ಲಿ ಸಭೆ. ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ಓಣಿಯ ಗಣ್ಯರು. ಮುಂದಿನ ಸಾಲಿನಲ್ಲಿ ಚೇಡತ್ತಿ, ಕೈಯಲ್ಲಿ ಜಪಮಾಲೆ. ಮಾಷ್ ಹೇಳಿದರು, "ಉದಯನ್ ಹೇಳುವುದು, ನೀರುನಾಯಿ ಬಂದು ಮೀನು ತಿನ್ನುತ್ತದೆ ಅಂತ. ಇದರ ಬಗ್ಗೆ ಯಾರಾದರೂ ಮಾತಾಡುವವರಿದ್ದಾರಾ?"

ನಾನು ಎದ್ದೆ. ಸಭೆಗೆ ಮುಖ ಮಾಡಿ ನಿಂತೆ. ನನ್ನ ಮಲಯಾಳ ಎಂದರೆ ಕನ್ನಡದ ಮಾತಿಗೆ ಬಾಲ ಕತ್ತರಿಸಿ ಕೊಡುವುದು, ಅದೂ ಸಾಲದಿದ್ದರೆ ಇಂಗ್ಲಿಷು. ಆದರೂ ಮಾತು ಹರಿಯಿತು. ವಾದಿಸುವವರು ಮೊದಲು ತಮ್ಮ ನಿಷ್ಪಕ್ಷಪಾತ ತೋರಿಸಬೇಕು ಅಂತ ನಮಗೆ ಹೇಳಿಕೊಟ್ಟಿದ್ದರು. ಆದ್ದರಿಂದ ಹೀಗೆ ಆರಂಭಿಸಿದೆ.

"ಮಾನ್ಯರೇ! ಆರೋಪಿ ನನ್ನ ಗಂಡ ಅನ್ನುವ ಕಾರಣಕ್ಕೆ ನಾನು ಸತ್ಯವನ್ನು ಬಿಟ್ಟುಕೊಡುವವಳಲ್ಲ. ನೀರುನಾಯಿ ಇದೆಯೇ? ನೋಡಿದವರು ಯಾರು? ಹೆಜ್ಜೆ ಇದೆ ಅನ್ನುತ್ತಾರೆ. ಆ ಹೆಜ್ಜೆ ಬೀದಿನಾಯಿಯದು ಯಾಕಾಗಿರಬಾರದು? ಚಕ್ಕೆ ಇದೆ ಅನ್ನುತ್ತಾರೆ. ಚಕ್ಕೆಯನ್ನು ನೀರುಕಾಗೆ ಬೀಳಿಸಿರಬಾರದೇ? ಇನ್ನು, ನೀರುಕಾಗೆ ಇಷ್ಟು ದೊಡ್ಡ ಕರಿಮೀನು ನುಂಗಬಲ್ಲದೇ? ಇಲ್ಲ! ಬೆಕ್ಕು ಈಜಿ ಹಿಡಿಯಬಲ್ಲದೇ? ಇಲ್ಲ!"

ಉದಯ ಕೈ ಎತ್ತಿದ. ನನ್ನ ಮಾತು ಏರುಗತಿಯಲ್ಲಿತ್ತು. ಕಾಯಲಿ ಅಂತ ಬಿಟ್ಟೆ.

"ಹೀಗೆ ಒಂದೊಂದನ್ನೇ ತಳ್ಳಿಹಾಕುತ್ತಾ ಬಂದರೆ, ಮಾನ್ಯರೇ, ಉಳಿಯುವುದೇನು? ಯಾವ ಪ್ರಾಣಿಯೂ ಈ ಮೀನನ್ನು ಒಯ್ದಿಲ್ಲ!"

ಚಪ್ಪಾಳೆಯೋ ಚಪ್ಪಾಳೆ! ಎಲ್ಲರಿಗಿಂತ ಜೋರಾಗಿ ಚೇಡತ್ತಿ ತಟ್ಟಿದರು. ನಾನು ಬಾಗಿ ನಮಸ್ಕರಿಸಿದೆ. ಮಾಷ್ ಗಂಟಲು ಸರಿಮಾಡಿಕೊಂಡರು.

"ಬಹಳ ಚೆನ್ನಾಗಿ ಹೇಳಿದೆ ಮೋಳೇ. ಪ್ರಾಣಿ ಅಲ್ಲ. ಹಾಗಾದರೆ ಮನುಷ್ಯ. ಅಲ್ಲವಾ?"

ಎಲ್ಲರೂ ಉದಯನ ಕಡೆ ತಿರುಗಿದರು. ಅವನ ಕೈ ಇನ್ನೂ ಮೇಲೆಯೇ ಇತ್ತು. ಅಲ್ಲಿ ಕೂತವರಿಗೆ ಅದು ತಪ್ಪೊಪ್ಪಿಗೆಯಂತೆ ಕಂಡಿತು!

ತೀರ್ಮಾನ ಹೀಗಾಯಿತು. ಈಸ್ಟರಿನೊಳಗೆ ನೀರುನಾಯಿಯನ್ನು ತೋರಿಸಬೇಕು. ಇಲ್ಲವಾದರೆ ಮನೆ ಖಾಲಿ ಮಾಡಬೇಕು. ಚೇಡತ್ತಿ ಎದ್ದು ಹೋಗುವಾಗ ನನ್ನ ಕೆನ್ನೆ ಸವರಿ, "ನೀನು ಒಳ್ಳೆಯವಳು ಮೋಳೇ, ಸತ್ಯವಂತೆ. ನಿನ್ನ ಹಣೆಯಲ್ಲಿ ಇಂಥವನು ಬರೆದಿತ್ತು" ಅಂದರು.

ದಾರಿಯಲ್ಲಿ ಉದಯ ಒಂದೇ ಮಾತು ಕೇಳಿದ. "ನೀನು ನನ್ನ ಪರವಾಗಿ ಅಲ್ವಾ ಎದ್ದದ್ದು?"

"ಪರವಾಗಿಯೇ! ನಿರೂಪಣೆಯಲ್ಲಿ ಸ್ವಲ್ಪ..."

"ಎರಡನೇ ವಾಕ್ಯದಿಂದ ಕೈ ಎತ್ತಿದ್ದೆ."

ಇನ್ನು ಮಾತಿನಲ್ಲಿ ಉಪಯೋಗವಿಲ್ಲ, ಪ್ರತ್ಯಕ್ಷ ಸಾಕ್ಷ್ಯವೇ ಬೇಕು ಅಂತ ನಾನು ಪಾಲಾರಿವಟ್ಟದ ಅಂಗಡಿಗೆ ಹೋಗಿ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ ತಂದೆ. ಮನೆ ಹೋಗುವುದಕ್ಕಿಂತ ಗಂಡನ ಹೆಸರು ಹೋಗುವುದು ದೊಡ್ಡದು. ಅದರಲ್ಲೂ ಹೆಂಡತಿಯ ವಾಕ್ಚಾತುರ್ಯದಿಂದ!

ಮರುದಿನದಿಂದ ಇಬ್ಬರೂ ಏರಿಯ ಮೇಲೆ. ಮಂಜು ಮುಸುಕಿದ ಬಯಲು, ತೋಡಿನಲ್ಲಿ ಆಕಾಶ, ಎಲ್ಲೋ ಗೂಡ್ಸ್ ರೈಲಿನ ಸದ್ದು. ಸುಮ್ಮನಿರಬೇಕು ಅಂತ ಷರತ್ತು. ನಾನು ಸುಮ್ಮನೇ ಇದ್ದೆ. ಪಿಸುಮಾತು ಲೆಕ್ಕಕ್ಕಿಲ್ಲವಲ್ಲ!

"ಉದಯ, ನನ್ನ ಪ್ರಶ್ನೆ ಏನೆಂದರೆ, ಈ ತೋಡಿಗೆ ಪಟ್ಟಣದ ನೀರೂ ಬರುತ್ತದೆ. ಇಂಥ ನೀರಿಗೆ ಅಂಥ ಪ್ರಾಣಿ ಯಾಕೆ ಬರಬೇಕು? ಅದರ ಸ್ಥಾನದಲ್ಲಿ ನಾನಿದ್ದರೆ..."

ಪಿಸುಗುಟ್ಟಿದರೂ ಸಭೆಗೆ ಬೆನ್ನು ತೋರಿಸುವಂತಿಲ್ಲ. ಸಭೆ ಎಂದರೆ ಉದಯ. ಅವನು ನೀರಿಗೆ ಮುಖ ಮಾಡಿ ಕೂತಿದ್ದ. ಹಾಗಾಗಿ ನಾನು ನೀರಿಗೆ ಬೆನ್ನು ಮಾಡಿ ಕೂತೆ. ಸ್ವಲ್ಪ ಹೊತ್ತಿನಲ್ಲಿ ಅವನ ಕಣ್ಣು ಅಗಲವಾಯಿತು. ನನ್ನ ವಾದ ತಟ್ಟಿತು ಅಂತ ಇನ್ನಷ್ಟು ಹುರುಪು ಬಂತು. ಅವನ ಕೈ ಮೆಲ್ಲಗೆ ಮೇಲೆದ್ದಿತು.

"ಒಂದು ನಿಮಿಷ, ಮುಗಿಸಿಬಿಡುತ್ತೇನೆ" ಅಂದೆ.

ಮುಗಿಸಿದೆ. "ಈಗ ಹೇಳು."

"ಹೋಯ್ತು."

"ಏನು ಹೋಯ್ತು?"

"ನೀರುನಾಯಿ. ನಿನ್ನ ಹಿಂದೆ ಇತ್ತು. ತಲೆ ಎತ್ತಿ ನಿನ್ನನ್ನೇ ನೋಡ್ತಾ ಇತ್ತು."

ತಿರುಗಿದೆ. ನೀರಿನ ಮೇಲೆ ಒಂದಷ್ಟು ಉಂಗುರಗಳು, ಅಷ್ಟೇ.

"ಹೇಳಬಾರದಿತ್ತಾ?"

"ಕೈ ಎತ್ತಿದೆನಲ್ಲ!"

"ಕ್ಯಾಮೆರಾ?"

"ನಿನ್ನ ಕತ್ತಲ್ಲೇ ಉಂಟಲ್ಲ!"

ನಾನು ನಂಬಲಿಲ್ಲ. ಉಂಗುರ ಯಾವುದರಿಂದ ಬೇಕಾದರೂ ಆಗಬಹುದು. ಆದರೂ ಕ್ಯಾಮೆರಾ ತೆಗೆದು ಅವನ ಕೊರಳಿಗೆ ಹಾಕಿದೆ.

ಆ ವಾರ ನಾನು ನನ್ನ ಕಂಪನಿಯ ಕೆಲಸದ ಮೇಲೆ ತಿರುವನಂತಪುರಕ್ಕೆ ಹೋಗಬೇಕಾಯಿತು. ಆಲುವದಲ್ಲಿ ರೈಲು ಹತ್ತಿದಾಗಲೇ ಒಂದು ಉಪಾಯ ಹೊಳೆಯಿತು. ಅಲ್ಲಿನ ಮೃಗಾಲಯದಲ್ಲಿ ನೀರುನಾಯಿ ಇದೆಯಂತೆ. ಒಂದು ಸಲ ಸರಿಯಾಗಿ ನೋಡಿಕೊಂಡರೆ ಮೊಸಳೆಯ ಹಾಗೆ ಎಡವಟ್ಟಾಗುವುದಿಲ್ಲ. ಕೆಲಸ ಬೇಗ ಮುಗಿಸಿ ಓಡಿದೆ. ಆವರಣದ ಮುಂದೆ ನಿಂತೆ. ಒಂದು ಹೊಂಡ, ನಾಲ್ಕು ಕಲ್ಲು, ಒಂದು ಫಲಕ. ಪ್ರಾಣಿ ಇಲ್ಲ! ನನ್ನ ಸಂಶಯಕ್ಕೆ ಇನ್ನೇನು ಬೇಕು? ಮೊಬೈಲ್ ತೆಗೆದು ಕಂಬಿಗೆ ಒರಗಿ, ಜನರ ಕಡೆ ಮುಖ ಮಾಡಿ ಉದಯನಿಗೆ ಫೋನು ಹಚ್ಚಿದೆ.

"ಕೇಳು ಉದಯ! ಇಲ್ಲಿ ಬೇಲಿ ಹಾಕಿ, ಫಲಕ ಬರೆದು, ದಿನಾ ಮೀನು ಹಾಕಿ ಇಟ್ಟುಕೊಂಡರೂ ಕಾಣುತ್ತಿಲ್ಲ. ಇನ್ನು ನಮ್ಮ ತೋಡಿನಲ್ಲಿ ಪುಕ್ಕಟೆ ಬಂದು ಕಾಣಿಸಿಕೊಳ್ಳುತ್ತದಾ? ಈ ಪ್ರಾಣಿಯೇ ಒಂದು ಕಲ್ಪನೆ ಅನ್ನುವುದು ನನ್ನ..."

ಎದುರಿಗೆ ಜನ ಸೇರತೊಡಗಿದರು. ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ಹೊಸದಾಗಿ ಮದುವೆಯಾದ ಜೋಡಿ, ಎಲ್ಲರೂ ನಗುತ್ತಾ ನನ್ನ ಕಡೆಗೇ ನೋಡುತ್ತಿದ್ದಾರೆ! ಕನ್ನಡ ಅರ್ಥವಾಗದಿದ್ದರೂ ನನ್ನ ಶೈಲಿಗೆ ಮನಸೋತರು ಅಂದುಕೊಂಡೆ. ಧ್ವನಿ ಏರಿಸಿದೆ. ಚಪ್ಪಾಳೆ ಬಿತ್ತು! ಒಂದು ಮಗು ಕೇಕೆ ಹಾಕಿತು. ನಾನು ಫೋನು ಕಿವಿಯಲ್ಲಿಟ್ಟುಕೊಂಡೇ ಜನಕ್ಕೆ ಒಂದು ಕಿರುನಗೆ ಬೀರಿದೆ.

"ಅದೆಂಥ ಚಪ್ಪಾಳೆ?" ಕೇಳಿದ ಉದಯ.

"ನನಗೆ!"

"ಫೋನಲ್ಲಿ ಕೈ ಎತ್ತುವುದು ಹೇಗೆ ಮಾರಾಯ್ತಿ?"

ಆಗ ಬೆನ್ನ ಮೇಲೆ ನೀರು ಸಿಡಿಯಿತು. ತಿರುಗಿದೆ. ಹೊಂಡದಲ್ಲಿ ಉಂಗುರಗಳು. ಕಲ್ಲೊಂದರ ಹಿಂದೆ ದಪ್ಪ ಬಾಲವೊಂದು ಜಾರಿ ಮರೆಯಾದದ್ದನ್ನು ಕಂಡೆ. ಕಂಡೆನೋ, ಕಂಡ ಹಾಗಾಯಿತೋ! ಪಕ್ಕದಲ್ಲಿದ್ದ ತಾಯಿಯೊಬ್ಬರು, "ಎಷ್ಟು ಚೆನ್ನಾಗಿ ಪಲ್ಟಿ ಹೊಡೀತು, ನೀವು ನೋಡಲೇ ಇಲ್ಲವಲ್ಲ ಚೇಚಿ" ಅಂತ ಅಕ್ಕನನ್ನು ಕರೆದ ಹಾಗೆ ಮರುಕಪಟ್ಟರು.

ವಾಪಸು ರೈಲಿನಲ್ಲಿ ಒದ್ದೆ ಬೆನ್ನು ಸೀಟಿಗೆ ತಾಗಿಸದೆ ಕೂತು ಯೋಚಿಸಿದೆ. ನೀರು ನಿಜ. ಒದ್ದೆ ನಿಜ. ಅದನ್ನು ಸಿಡಿಸಿದವರು ಇದ್ದೇ ಇರಬೇಕು. ಆಲುವ ಬರುವ ಹೊತ್ತಿಗೆ ನಾನು ಪಕ್ಷಾಂತರ ಮಾಡಿದ್ದೆ! ನೀರುನಾಯಿ ಇದೆ. ನನ್ನ ಗಂಡ ನಿರಪರಾಧಿ. ಇದನ್ನು ಸಭೆಗೆ ತಿಳಿಸುವವಳು ನಾನೇ.

ಈಸ್ಟರಿನ ಹಿಂದಿನ ದಿನ ಬೆಳಗ್ಗೆ, ಕೊನೆಯ ಅವಕಾಶ. ರಾಘವನ್ ಮಾಷ್, ಚೇಡತ್ತಿ, ಸಂಘದ ಇನ್ನಷ್ಟು ಮಂದಿ ಕೊಳದ ಹತ್ತಿರ ಬಂದು ನಿಂತರು. ಚೇಡತ್ತಿಯ ಮುಖ ಸಪ್ಪಗಿತ್ತು. ಜೋಸ್ ಮೋನ್ ಸಂಜೆ ಬಂದಿಳಿಯುವವನಿದ್ದ. ಕೊಳದಲ್ಲಿ ಉಳಿದಿದ್ದ ದೊಡ್ಡ ಕರಿಮೀನುಗಳು ಅವನ ಊಟಕ್ಕೆ ಸಾಕಾಗುವಷ್ಟೇ. ಉದಯ ಎಲ್ಲರ ಪಕ್ಕದಲ್ಲಿ ಕ್ಯಾಮೆರಾ ಹಿಡಿದು ಕೂತಿದ್ದ. ಬಯಲು ನಿಶ್ಶಬ್ದ. ಹೊನ್ನಕ್ಕಿ ಒಂದೆರಡು ಸಲ ಕೂಗಿ ಸುಮ್ಮನಾಯಿತು. ಬಿಸಿಲು ಏರಿತು. ನೀರು ಅಲುಗಲಿಲ್ಲ. ಮಾಷ್ ಗಡಿಯಾರ ನೋಡಿಕೊಂಡರು.

"ಉದಯನ್, ಇನ್ನು ಸಾಕಲ್ಲವಾ?"

ಉದಯ ತಲೆ ತಗ್ಗಿಸಿದ. ಈ ಮನುಷ್ಯ ಇಷ್ಟು ದಿನ ಒಂದು ಮಾತೂ ಆಡದೆ ನನ್ನ ತಪ್ಪು ಹೊತ್ತಿದ್ದಾನೆ. ತಡೆಯಲಾಗಲಿಲ್ಲ. ಎದ್ದು ಏರಿಯ ತುದಿಗೆ ಹೋಗಿ, ಸಭೆಗೆ ಮುಖ ಮಾಡಿ, ಅಂದರೆ ಕೊಳಕ್ಕೆ ಬೆನ್ನು ಮಾಡಿ ನಿಂತೆ.

"ಮಾನ್ಯರೇ! ಅಂದು ಇದೇ ಬಾಯಲ್ಲಿ ನೀರುನಾಯಿ ಇಲ್ಲ ಅಂದೆ. ಇಂದು ಹೇಳುತ್ತೇನೆ, ಇದೆ! ಗಾಳಿಯನ್ನು ನೋಡಿದ್ದೀರಾ? ಬಟ್ಟೆ ಅಲುಗಿದರೆ ಗಾಳಿ ಇದೆ ಅನ್ನುತ್ತೀರಿ. ಹಾಗೆ ನೀರು ಅಲುಗಿದರೆ..."

ಇಂಥ ಭಾಷಣ ನಾನು ಮೊದಲೂ ಮಾಡಿಲ್ಲ, ಮುಂದೆಯೂ ಮಾಡಲಾರೆ. ಉದಯನ ಸಹನೆಯ ಬಗ್ಗೆ ಹೇಳಿದೆ. ಅವನು ಪೇಟೆಯಿಂದ ಮೀನು ತಂದರೆ ನಾನು ಮೀನು ಮುಟ್ಟುವವಳಲ್ಲ ಎಂದು ತಾನೇ ಹಿತ್ತಲಲ್ಲಿ ಕೂತು ಶುಚಿ ಮಾಡುವುದನ್ನು ಹೇಳಿದೆ. ಅಷ್ಟು ಸಂಕೋಚದವನು ಕದಿಯುತ್ತಾನಾ ಅಂತ ಕೇಳಿದೆ. ಸಭೆಯ ಮುಖಗಳು ಬದಲಾಗುವುದು ಕಾಣಿಸಿತು! ಮಾಷ್ ಬಾಯಿ ತೆರೆದರು. ಚೇಡತ್ತಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ಯಾರೋ ಮಾತಾಡಲು ಹೋದಾಗ ಮಾಷ್ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿಸಿದರು. ಆಹಾ, ಇಷ್ಟು ಗೌರವ ಯಾವ ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ!

ಉದಯ ಕೈ ಎತ್ತಿದ. ಮಾಷ್ ಎತ್ತಿದರು. ಒಬ್ಬೊಬ್ಬರಾಗಿ ಎಲ್ಲರೂ ಎತ್ತಿದರು. ಕೊನೆಗೆ ಚೇಡತ್ತಿಯೂ, ಜಪಮಾಲೆ ಸಮೇತ, ಕೈ ಎತ್ತಿದರು!

ಸರ್ವಾನುಮತ!

ಕಣ್ಣು ತುಂಬಿ ಬಂತು. "ಧನ್ಯವಾದ ಮಾನ್ಯರೇ, ಕೈ ಇಳಿಸಬಹುದು" ಅಂದೆ. ಯಾರೂ ಇಳಿಸಲಿಲ್ಲ. ಎಲ್ಲರ ತೋರುಬೆರಳೂ ಒಂದೇ ಕಡೆ, ನನ್ನ ಹೆಗಲಿನಾಚೆ, ನೆಟ್ಟಿತ್ತು. ಉದಯ ಮಾತ್ರ ಇನ್ನೊಂದು ಕೈಯಲ್ಲಿ ಕ್ಯಾಮೆರಾ ಹಿಡಿದು ಕ್ಲಿಕ್ಕಿಸುತ್ತಲೇ ಇದ್ದ.

ತಿರುಗಿದೆ. ಬುಳುಕ್. ಉಂಗುರಗಳು.

ಆಮೇಲೆ ಎದ್ದ ಗದ್ದಲವನ್ನು ವರ್ಣಿಸಲಾರೆ! "ಮೂರು! ಮೂರಿದ್ದವು!" "ಒಂದು ನಿಂತುಕೊಂಡೇ ನೋಡ್ತಿತ್ತು, ಮನುಷ್ಯರ ಹಾಗೆ!" "ಮೀಸೆ ನೋಡಿದಿರಾ ಮಾಷೇ?" ಮಾಷ್ ಶಾಲಾ ಹುಡುಗನಂತೆ ಕುಣಿಯುತ್ತಿದ್ದರು. ಉದಯನನ್ನು ಅಪ್ಪಿಕೊಂಡು, "ಕ್ಷಮಿಸು ಮೋನೇ" ಅಂತ, ಅಂದರೆ ಮಗನೇ ಅಂತ, ಬೆನ್ನು ತಟ್ಟಿದರು. ನಾನು ಅತ್ತಿಂದಿತ್ತ ಓಡಿ, "ಎಲ್ಲಿ? ಯಾವ ಕಡೆ? ಎಷ್ಟು ದೊಡ್ಡದು?" ಅಂತ ಕೇಳುತ್ತಿದ್ದೆ. ಇಡೀ ಓಣಿ ನೋಡಿದ ನೀರುನಾಯಿಯನ್ನು ನೋಡದವಳು ನಾನೊಬ್ಬಳೇ!

ಕ್ಯಾಮೆರಾದ ಪುಟ್ಟ ಪರದೆಯ ಸುತ್ತ ಎಲ್ಲರೂ ಮುಗಿಬಿದ್ದರು. ಚಿತ್ರದಲ್ಲಿ ಮುಂದೆ ನಾನು, ತೋರುಬೆರಳು ಆಕಾಶಕ್ಕೆ, ಬಾಯಿ ಗುಹೆಯಂತೆ. ನನ್ನ ಹಿಂದೆ ಏರಿಯ ಮೇಲೆ ಮೂರು ನೀರುನಾಯಿಗಳು. ಅವುಗಳಲ್ಲಿ ಎರಡು, ಕರಿಮೀನನ್ನು ಅಗಿಯುತ್ತಿವೆ. ಮೂರನೆಯದು ಹಿಂಗಾಲಿನ ಮೇಲೆ ನಿಂತು, ಮುಂಗಾಲು ಎದೆಗೆ ಒತ್ತಿಕೊಂಡು, ನನ್ನ ಮಾತನ್ನು ಗಮನವಿಟ್ಟು ಕೇಳುತ್ತಿದೆ. ನನ್ನ ಜೀವನದಲ್ಲಿ ಅಷ್ಟು ಶ್ರದ್ಧೆಯ ಶ್ರೋತೃ ಸಿಕ್ಕಿದ್ದಿಲ್ಲ.

ಚೇಡತ್ತಿ ಚಿತ್ರವನ್ನು ಹತ್ತಿರ ಹಿಡಿದು ನೋಡಿದರು. ಆಮೇಲೆ ಕೊಳವನ್ನು ನೋಡಿದರು. ಆಮೇಲೆ ನನ್ನನ್ನು.

"ಮೋಳೇ, ಇವನು ಒಬ್ಬನೇ ಕೂತಾಗ ಅವು ಬರಲಿಲ್ಲ. ನೀನು ಮಾತಾಡಿದಾಗ ಬಂದವು."

"ಅದು ಕಾಕತಾಳೀಯ ಚೇಡತ್ತೀ. ಎರಡು ಘಟನೆ ಒಟ್ಟಿಗೆ ಆದ ಮಾತ್ರಕ್ಕೆ..."

"ನೀನು ಮಾತಾಡುವಾಗ ನಾವೆಲ್ಲ ನಿನ್ನನ್ನೇ ನೋಡುತ್ತಾ ನಿಂತೆವು. ಅವು ನಿಧಾನವಾಗಿ ಕೂತು ನನ್ನ ಜೋಸ್ ಮೋನ್‍ನ ಕರಿಮೀನು ತಿಂದವು!"

ಮಾಷ್ ಗಂಭೀರವಾಗಿ ತೀರ್ಪು ಕೊಟ್ಟರು. ಉದಯ ನಿರ್ದೋಷಿ, ಮನೆ ಬಿಡಬೇಕಾಗಿಲ್ಲ. ನೀರುನಾಯಿಗಳು ಈ ಬಯಲಿನ ಖಾಯಂ ನಿವಾಸಿಗಳು, ಅವುಗಳ ಮೇಲೆ ಸಂಘಕ್ಕೆ ದೂರಿಲ್ಲ. ಕಳ್ಳತನಕ್ಕೆ ನೆರವಾದವಳು ನಾನು. ನನಗೆ ಶಿಕ್ಷೆ, ಕೊಳದ ಏರಿಯ ಮೇಲೆ ಮಾತಾಡುವಂತಿಲ್ಲ. ಕೈ ಎತ್ತಬಹುದು!

ಮರುದಿನ ಈಸ್ಟರ್ ಊಟಕ್ಕೆ ನಮಗೂ ಕರೆ ಬಂತು. ಬಾಳೆಲೆಯ ಕರಿಮೀನಿನ ಜಾಗದಲ್ಲಿ ಮೊಟ್ಟೆ ಸಾರು, ಜೊತೆಗೆ ದೋಸೆಯಂಥ ಮೆತ್ತಗಿನ ಅಪ್ಪ. ಗಲ್ಫಿನ ಜೋಸ್ ಮೋನ್‍ಗೆ ಮೀನಿನ ಬದಲು ನನ್ನ ಫೋಟೊ ತೋರಿಸಿದರು ಚೇಡತ್ತಿ. ಆಗಲೇ ಆಲುವದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಗೋಡೆಯ ಮೇಲೆ ಏಸುವಿನ ಚಿತ್ರದ ಕೆಳಗೆ ತೂಗುಹಾಕಿದ್ದರು.

"ಇದು ಯಾರಮ್ಮಾ, ನೀರುನಾಯಿಗೆ ಪಾಠ ಮಾಡ್ತಾ ಇರೋರು?" ಕೇಳಿದ ಜೋಸ್ ಮೋನ್.

"ಇವಳೇ. ನೀರುನಾಯಿ ಇಲ್ಲ ಅಂತ ವಾದಿಸಿದವಳು."

ಇದನ್ನು ಸುಮ್ಮನೆ ಬಿಡಲಾಗುತ್ತದೆಯೇ? ದಾಖಲೆ ಸರಿಯಾಗಬೇಡವೇ? ನಾನು ಕೈಯಲ್ಲಿದ್ದ ಅಪ್ಪದ ತುಂಡು ಕೆಳಗಿಟ್ಟು ಎದ್ದೆ. ಕಿಟಕಿಯ ಹೊರಗೆ ಕೊಳ. ಕಿಟಕಿಗೆ ಬೆನ್ನು ಮಾಡಿ, ಸಭೆಗೆ ಮುಖ ಮಾಡಿ ನಿಂತೆ.

"ಕ್ಷಮಿಸಬೇಕು! ಈ ಚಿತ್ರದಲ್ಲಿ ನಾನು ವಾದಿಸುತ್ತಿರುವುದು ನೀರುನಾಯಿ ಇದೆ ಅಂತ. ಇಲ್ಲ ಅಂತ ವಾದಿಸಿದ್ದು ಬೇರೆ ಸಭೆಯಲ್ಲಿ. ಇವೆರಡನ್ನು..."

ಮೇಜಿನ ಆ ತುದಿಯಲ್ಲಿ ಉದಯ ಕೈ ಎತ್ತಿದ.

ಮದುವೆಯಾದಂದಿನಿಂದ ಮೊದಲ ಬಾರಿಗೆ, ವಾಕ್ಯವನ್ನು ಅರ್ಧಕ್ಕೇ ಬಿಟ್ಟು, ಸಭೆಗೆ ಬೆನ್ನು ತೋರಿಸಿ, ಕುರ್ಚಿ ಬೀಳಿಸಿಕೊಂಡು ಕಿಟಕಿಗೆ ಹಾರಿದೆ. ಕಂಬಿಗೆ ಮೂಗು ಒತ್ತಿ ನೋಡಿದೆ. ಕೊಳ ಕನ್ನಡಿಯ ಹಾಗೆ ನಿಂತಿತ್ತು. ಒಂದು ಉಂಗುರವೂ ಇಲ್ಲ.

"ಎಲ್ಲಿ ಉದಯ? ಎಲ್ಲಿ?"

"ಎಂತದು ಎಲ್ಲಿ?" ಅಂದ ಉದಯ, ಕೈ ಇನ್ನೂ ಇಳಿಸದೆ. "ನನಗೆ ಇನ್ನೊಂದು ಅಪ್ಪ ಬೇಕಿತ್ತು, ಮಾರಾಯ್ತಿ."